ಎಡ ಭುಜದ ಮೇಲಿನ ಹಳೇ ಸೀರೆ

ವೆಲ್ಲಿಂಗ್ಟನ್ ಹತ್ತಿರದ ಅಪ್ಪರ್ ಹಟ್‌ನಲ್ಲಿ ನಾವು ದಿನಸಿ ತರುವ ಸೂಪರ್‌ಮಾರ್ಕೆಟ್ಟಿನಲ್ಲಿ ಎಳೆಮಕ್ಕಳ ಸಾಮಾನಿನ ಸಾಲು ಇರುವುದು ನಾಯಿ ಬೆಕ್ಕುಗಳ ಆಹಾರದ ಪಕ್ಕದಲ್ಲಿ. ನಮ್ಮ ಮನೆಯಲ್ಲಿ ನಾಯಿಯೂ ಇಲ್ಲ, ಬೆಕ್ಕೂ ಇಲ್ಲ, ಎಳೆಮಗುವಂತೂ ಇಲ್ಲವೇ ಇಲ್ಲ. ಇರುವುದು ಏಳು ವರ್ಷದ ಒಬ್ಬ ಮಗಳು. ಅವಳು ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ತಾನೇ ಸ್ನಾನ ಮಾಡುತ್ತಾಳೆ. "ಬೆನ್ನು ಉಜ್ಜಲೇನೇ ಪುಟ್ಟಿ?" ಎಂದು ಹೊರಗಿನಿಂದ ಕೇಳಿದರೆ "ನೋ ಥ್ಯಾಂಕ್ಸ್, ಅಪ್ಪ" ಅನ್ನುತ್ತಾಳೆ, ಅಂಗಡಿಯವರಿಗೆ ಚೀಲ ಬೇಡ ಅನ್ನುವ ಹಾಗೆ.

ಆದರೂ ಹಾಲು ತರಲು ಹೋದ ನಾನು ಆ ಸಾಲಿನಲ್ಲಿ ನಿಂತುಬಿಡುತ್ತೇನೆ. ಕನ್ನಡಕ ಹಣೆಗೇರಿಸಿ ಒಂದು ಡಬ್ಬಿ ಎತ್ತಿ, ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಮುಂದಿನ ದೊಡ್ಡ ಅಕ್ಷರವನ್ನು ನಾನು ಯಾವತ್ತೂ ನಂಬಿದವನಲ್ಲ. ಮೃದು, ಸೌಮ್ಯ, ಸೆನ್ಸಿಟಿವ್ ಅಂತ ಯಾರು ಬೇಕಾದರೂ ಹೊಟ್ಟೆಯ ಮೇಲೆ ಬರೆದುಕೊಳ್ಳಬಹುದು. ನಿಜ ಗೊತ್ತಾಗುವುದು ಬೆನ್ನು ತಿರುಗಿಸಿದಾಗ. ಹೋದ ತಿಂಗಳು ಒಬ್ಬ ಹುಡುಗಪ್ಪ, ಎದೆಗೆ ಮಗುವನ್ನು ಕಟ್ಟಿಕೊಂಡಿದ್ದವನು, ನನ್ನನ್ನು ಅಂಗಡಿಯವನೆಂದೇ ತಿಳಿದು, "ಇದು ಒಳ್ಳೇದಾ?" ಎಂದು ಕೇಳಿದ. ಇಪ್ಪತ್ತು ನಿಮಿಷ ಉತ್ತರ ಕೊಟ್ಟೆ. ಕೊನೆಗೆ ಅವನ ಮಗು ಅತ್ತಿತು. ಬಹುಶಃ ಅಪ್ಪನ ಪರವಾಗಿ.

ಚಿಂತೆ ನನಗೆ ಚಟವೂ ಹೌದು, ಉದ್ಯೋಗವೂ ಹೌದು. ಬೇರೆಯವರು ಬರೆದ ಕಟ್ಟಡದ ನಕ್ಷೆಗಳನ್ನು ನೋಡಿ, ಭೂಮಿ ನಡುಗಿದರೆ ಇದು ಎಲ್ಲಿ ಬಿರುಕು ಬಿಟ್ಟೀತು, ಎಲ್ಲಿ ಕುಸಿದೀತು ಎಂದು ಬರೆದುಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿ ಇದನ್ನೇ ಮನೆಯಲ್ಲಿ ಮಾಡಿದರೆ ಅಪಶಕುನ ನುಡೀಬೇಡ ಎಂದು ಬೈಯುತ್ತಿದ್ದರು. ಇಲ್ಲಿ ಸಂಬಳ ಕೊಡುತ್ತಾರೆ. ಇಂಥವನಿಗೆ ನಲವತ್ತಮೂರನೇ ವಯಸ್ಸಿನಲ್ಲಿ, ಇನ್ನು ಆಗುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿಕೊಂಡ ಮೇಲೆ, ಮಗಳು ಹುಟ್ಟಿದಳು.

ಬಾಣಂತನಕ್ಕೆ ಹೆಂಡತಿ ತವರಿಗೆ ಹೋಗಬೇಕಿತ್ತು. ಅಷ್ಟು ದೂರ ಹೇಗೆ ಹೋಗುವುದು? ತವರೇ ಎರಡು ಸೂಟ್‌ಕೇಸ್ ಹಿಡಿದುಕೊಂಡು ಆರು ತಿಂಗಳ ವೀಸಾದ ಮೇಲೆ ಇಲ್ಲಿಗೆ ಬಂತು. ನನ್ನ ಅತ್ತೆ, ಹೆಂಡತಿಯ ತಾಯಿ. ತಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ನೀರು ಹಾಕಿದವರು. ಯಾರ ಮನೆಯಲ್ಲಿ ಮಗುವಾದರೂ "ಅವರ ಕೈಗುಣ ಚೆನ್ನಾಗಿದೆ" ಎಂದು ಕರೆಯಲು ಬರುತ್ತಿದ್ದರಂತೆ. ಸ್ವಂತ ಮೊಮ್ಮಗು ಮಾತ್ರ ಇರಲಿಲ್ಲ. ಇದೇ ಮೊದಲು, ಮತ್ತು ನಮ್ಮ ವಯಸ್ಸು ನೋಡಿದರೆ ಇದೇ ಕೊನೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅತ್ತೆಯ ಬಜೆ ಬೇರನ್ನು ತೆಗೆದಿಟ್ಟುಕೊಂಡರು. ಕಡಲೆಹಿಟ್ಟು, ಎಣ್ಣೆ, ಸಾಂಬ್ರಾಣಿ ಬಿಟ್ಟರು. ಮೂರು ಹಳೇ ನೂಲಿನ ಸೀರೆಗಳನ್ನೂ ಬಿಟ್ಟರು. ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಒಗೆದೂ ಒಗೆದೂ ನವೆದ ಬಟ್ಟೆಯನ್ನೇ ಹಾಕಬೇಕು ಎಂದು ಅತ್ತೆ ತಾವು ಹದಿನೈದು ವರ್ಷ ಉಟ್ಟ ಸೀರೆಗಳನ್ನು ಕತ್ತರಿಸಿ, ಅಂಚು ಹೊಲಿದು, ಚೌಕಗಳನ್ನಾಗಿ ಮಾಡಿ ತಂದಿದ್ದರು. ತಿಳಿ ಹಳದಿ, ಎಲೆಹಸಿರು, ಒಂದು ನೇರಳೆ. ಬೀರುವಿನಲ್ಲಿ ಇದ್ದವಾದ್ದರಿಂದ ನುಸಿಗುಳಿಗೆಯ ವಾಸನೆ ಮೂಗಿಗೆ ರಾಚುತ್ತಿತ್ತು. ನಾನು ಆ ಕೂಡಲೇ ಓದಲು ಕೂತೆ. ನುಸಿಗುಳಿಗೆ ಎಳೆಮಕ್ಕಳಿಗೆ ಒಳ್ಳೆಯದಲ್ಲ ಎಂದು ತಿಳಿಯಿತು. ಹೆಂಡತಿಯ ಮೂಲಕ ಹೇಳಿಸಿದೆ. ಅತ್ತೆಗೂ ನನಗೂ ನೇರ ಮಾತು ಕಡಿಮೆ. ನಾನು ಮುಂದೆ ಬಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವ ಕಾಲದವರು ಅವರು. ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಒಗೆಯಲು ಹೋದರು.

ಮೊದಲ ಎರಡು ತಿಂಗಳು ಮಗಳಿಗೆ ಅತ್ತೆಯೇ ನೀರು ಹಾಕಿದರು. ಇಲ್ಲಿನ ಬಚ್ಚಲಿನ ನೆಲಕ್ಕೆ ನೀರು ಹೋಗಲು ದಾರಿಯಿಲ್ಲ. ಒಂದು ಚೊಂಬು ಚೆಲ್ಲಿದರೆ ಹಜಾರದ ಕಾರ್ಪೆಟ್ಟಿಗೆ ಬರುತ್ತದೆ. ಅತ್ತೆ ಒಂದು ದಿನ ನೋಡಿದರು, ಎರಡನೇ ದಿನ ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ಬಾತ್‌ಟಬ್ಬಿನೊಳಗೇ ಇಳಿದು ಕಾಲು ನೀಡಿ ಕೂತುಬಿಟ್ಟರು. ಅವರ ಕಾಲ ಮೇಲೆ ಮಗು, ಮಗುವಿನ ಮೇಲೆ ಎಣ್ಣೆ. ನೀರು ಹೊಯ್ಯುವುದು ಹೆಂಡತಿ. ನಾನು ಆ ಹೊತ್ತಿಗೆ ರೈಲಿನಲ್ಲಿ ಆಫೀಸಿನ ದಾರಿಯಲ್ಲಿರುತ್ತಿದ್ದೆ. ಶನಿವಾರ ಭಾನುವಾರ ಮನೆಯಲ್ಲಿದ್ದರೂ, ನಾಲ್ಕು ಕೇಜಿಯ ಜೀವವನ್ನು ಮೂಗು ತೀಡಿ, ಕಾಲು ಎಳೆದು, ಮಗುಚಿ ಹಾಕುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹುಲ್ಲು ಕತ್ತರಿಸುವ ನೆಪದಲ್ಲಿ ಅಂಗಳಕ್ಕೆ ಹೋಗುತ್ತಿದ್ದೆ. ಕತ್ತರಿಸಲು ಹುಲ್ಲು ಇಲ್ಲದಿದ್ದರೂ.

ಮೂರನೇ ತಿಂಗಳಿಗೆ ಬಲ ಕೆನ್ನೆಯ ಮೇಲೆ ಕೆಂಪು ಮಚ್ಚೆ ಬಂತು. ಮೊದಲು ಒಂದು ಗುಲಗಂಜಿಯಷ್ಟು. ಆಮೇಲೆ ಕೆನ್ನೆ ತುಂಬಾ, ಒರಟಾಗಿ, ಅಲ್ಲಲ್ಲಿ ಒಸರುತ್ತಾ. ಮೊಣಕೈ ಮಡಿಕೆಯಲ್ಲೂ ಒಂದಿಷ್ಟು. ಮಗು ಮುಖವನ್ನು ಹಾಸಿಗೆಗೆ ಉಜ್ಜಿ ಉಜ್ಜಿ ಅಳುತ್ತಿತ್ತು. ವೈದ್ಯೆ ನೋಡಿ, ಇದು ಎಕ್ಸಿಮಾ, ಒಣ ಚರ್ಮದ ಮಕ್ಕಳಿಗೆ ಬರುತ್ತದೆ, ಗಾಬರಿ ಬೇಡ ಅಂದರು. ಹಿಟ್ಟು ಉಜ್ಜಬೇಡಿ, ಪರಿಮಳದ ವಸ್ತು ಯಾವುದೂ ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಪರಿಮಳವಿಲ್ಲದ ದಪ್ಪ ಕ್ರೀಮು ಧಾರಾಳವಾಗಿ ಹಚ್ಚಿ ಎಂದರು. ಹಚ್ಚಲು ಒಂದು ಔಷಧವನ್ನೂ ಬರೆದುಕೊಟ್ಟರು. ನಾಲ್ಕು ಮಾತು. ಬೇರೆಯವರಾಗಿದ್ದರೆ ಆ ನಾಲ್ಕನ್ನು ಪಾಲಿಸಿ ಸುಮ್ಮನಾಗುತ್ತಿದ್ದರು.

ನಾನು ಪಟ್ಟಿ ಮಾಡಿದೆ. ಮಗುವಿಗೆ ತಗಲುವ ವಸ್ತುಗಳೆಲ್ಲವನ್ನೂ ಕಂಪ್ಯೂಟರಿನಲ್ಲಿ ಸಾಲಾಗಿ ಬರೆದು, ಮುಂದೆ ಅಪಾಯದ ಅಂಕ ಕೊಟ್ಟೆ. ಎಣ್ಣೆ ಹೋಯಿತು. ಕಡಲೆಹಿಟ್ಟು ಹೋಯಿತು. ಸಾಂಬ್ರಾಣಿ ಹೋಯಿತು, ಅದರ ಹಿಂದೆ ಊದುಬತ್ತಿ. ಅತ್ತೆಯ ಪೌಡರು, ಹೆಂಡತಿಯ ಶಾಂಪೂ, ಬಟ್ಟೆ ಒಗೆಯುವ ಪುಡಿ. ಅಡುಗೆ ಮಾಡಿದ ಕೈಯಲ್ಲಿ ಅರಿಶಿನ ಇರುತ್ತದೆಂದು, ಒಗ್ಗರಣೆ ಹಾಕಿದ ಮೇಲೆ ಒಂದು ಗಂಟೆ ಅತ್ತೆ ಮಗುವನ್ನು ಮುಟ್ಟುವುದೂ ಹೋಯಿತು. ಈ ದೇಶದ ಹೆಮ್ಮೆಯ ಮೆರಿನೊ ಉಣ್ಣೆಯ ಅಂಗಿಗಳನ್ನು, ಮೃದುವೆಂದರೆ ಇದೇ ಎಂದು ನಾನೇ ತಂದು ತೊಡಿಸಿದ್ದೆ. ಮಗು ಅದರಲ್ಲಿ ಇರುವೆ ಹತ್ತಿದ ಹಾಗೆ ಹೊರಳಾಡಿತು. ಅದೂ ಹೋಯಿತು. ಸ್ನಾನವನ್ನು ನಾನೇ ವಹಿಸಿಕೊಂಡೆ. ಸಂಜೆ ಆಫೀಸಿನಿಂದ ಬಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ, ಥರ್ಮಾಮೀಟರ್ ಅದ್ದಿ, ಮೂವತ್ತೇಳು ಬರುವವರೆಗೆ ಕಾದು, ಗಡಿಯಾರ ನೋಡಿಕೊಂಡು ಮಗಳನ್ನು ಐದು ನಿಮಿಷ ಅದ್ದಿ ತೆಗೆಯುತ್ತಿದ್ದೆ. ಬಿಸ್ಕತ್ತಿನ ಹಾಗೆ.

ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಅವರ ಎರಡು ಕೈಗಳು ಒಂದರೊಳಗೊಂದು ಕೂತಿರುತ್ತಿದ್ದವು. ಒಮ್ಮೆ ಹೆಂಡತಿ ನನ್ನ ಹತ್ತಿರ ಹೇಳಿದಳು: "ಅಮ್ಮ ಇಲ್ಲಿ ಬೇರೇನೂ ಕೇಳಿಲ್ಲ ರೀ. ಊರು ತೋರಿಸಿ ಅಂತಲೂ ಕೇಳಿಲ್ಲ. ಹೋಗೋದ್ರೊಳಗೆ ಇನ್ನೊಂದು ಸಲ ನೀರು ಹಾಕ್ಲಾ ಅಂತಾಳೆ ಅಷ್ಟೇ."

"ಕೆನ್ನೆ ವಾಸಿಯಾಗ್ಲಿ. ಆಮೇಲೆ ನೋಡೋಣ" ಅಂದೆ.

"ವಾಸಿಯಾಗೋ ಹೊತ್ತಿಗೆ ಅವಳ ವೀಸಾ ಮುಗಿದಿರುತ್ತೆ."

ನಿಜ ಹೇಳಬೇಕೆಂದರೆ ಮೊಣಕೈ ಸುಧಾರಿಸುತ್ತಿತ್ತು. ಕೆನ್ನೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದೂ ಬಲ ಕೆನ್ನೆ ಮಾತ್ರ. ಎಡ ಕೆನ್ನೆ ಬೆಣ್ಣೆ. ಕಟ್ಟಡದ ಒಂದೇ ಗೋಡೆ ಬಿರುಕು ಬಿಟ್ಟರೆ ಆ ಗೋಡೆಗೆ ತಾಗಿಕೊಂಡು ಏನಿದೆ ನೋಡು ಎನ್ನುವುದು ನನ್ನ ಕಸುಬಿನ ಮೊದಲ ಪಾಠ. ಆ ಪಾಠವನ್ನು ಮನೆಗೆ ತರಲಿಲ್ಲ. ಕ್ರೀಮು ಬದಲಾಯಿಸಿದೆ.

ಇದರ ನಡುವೆ ನನ್ನ ಮತ್ತು ಅತ್ತೆಯ ಮಧ್ಯೆ ಇನ್ನೊಂದು ಮೂಕ ವ್ಯವಹಾರ ನಡೆಯುತ್ತಿತ್ತು. ಸ್ನಾನವಾದ ಮೇಲೆ ಮಗಳನ್ನು ಎಡ ಭುಜಕ್ಕೆ ಹಾಕಿಕೊಂಡು ಹಜಾರದಲ್ಲಿ ಓಡಾಡಿಸಿ ಮಲಗಿಸುವುದು ನನ್ನ ಪಾಲಿನ ಸುಖ. ಮಗು ಮುಖವನ್ನು ನನ್ನ ಕತ್ತಿನ ಕಡೆ ತಿರುಗಿಸಿ ನಿದ್ದೆ ಹೋಗುತ್ತಿತ್ತು. ನಾನು ಎತ್ತಿಕೊಳ್ಳುವಾಗೆಲ್ಲ ಅತ್ತೆ ಎಲ್ಲಿಂದಲೋ ಬಂದು ನನ್ನ ಭುಜದ ಮೇಲೆ ಆ ಹಳೇ ಸೀರೆಯ ಚೌಕವನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದರು. ನನ್ನ ಆಫೀಸಿನ ಅಂಗಿಗೆ ಹಾಲು ಕಕ್ಕದಿರಲಿ ಎಂದಿರಬೇಕು ಎಂದುಕೊಂಡೆ. ಅವರು ಅಡುಗೆಮನೆಗೆ ಹೋದ ಕೂಡಲೇ ತೆಗೆದು ಸೋಫಾದ ಮೇಲೆ ಹಾಕುತ್ತಿದ್ದೆ. ನುಸಿಗುಳಿಗೆಯ ಬಟ್ಟೆ, ಮಗುವಿನ ಮೂಗಿಗೆ ಅಷ್ಟು ಹತ್ತಿರ! ಮಾರನೇ ದಿನ ಅವರು ಮತ್ತೆ ಹಾಸುತ್ತಿದ್ದರು. ನಾನು ಮತ್ತೆ ತೆಗೆಯುತ್ತಿದ್ದೆ. ಹೀಗೆ ವಾರಗಟ್ಟಲೆ, ಇಬ್ಬರೂ ಒಂದು ಮಾತೂ ಆಡದೆ, ಪರಮ ಗೌರವದಿಂದ.

ಅವರು ಹೊರಡಲು ಎರಡು ವಾರ ಇದ್ದಾಗ ಆಫೀಸಿನ ಕೆಲಸಕ್ಕೆ ನಾನು ನೆಲ್ಸನ್‌ಗೆ ಹೋಗಬೇಕಾಯಿತು, ಬಂದರಿನ ಹತ್ತಿರದ ಒಂದು ಗೋದಾಮನ್ನು ನೋಡಲು. ನಾಲ್ಕು ದಿನ. ಹೊರಡುವ ದಿನ ಬೆಳಿಗ್ಗೆ ನಾನು ತಂದವುಗಳಲ್ಲಿ ಹನ್ನೊಂದನೆಯದಾದ ಹೊಸ ಕ್ರೀಮನ್ನು ಹೆಂಡತಿಯ ಕೈಗಿಟ್ಟು ಹೋಗಿದ್ದೆ. ವಾಪಸ್ ಬಂದು ನೋಡುತ್ತೇನೆ, ಕೆನ್ನೆ ತಿಳಿಯಾಗಿದೆ. ಕೆಂಪು ಇಳಿದು ಹೊಸ ಚರ್ಮ ನಸುಗುಲಾಬಿಗೆ ತಿರುಗಿದೆ. ಬ್ಯಾಗು ಕೆಳಗಿಡದೆ ಕ್ರೀಮಿನ ಗುಣಗಾನ ಶುರುಮಾಡಿದೆ. ಹನ್ನೊಂದನೆಯದು ಹನ್ನೊಂದನೆಯದೇ, ನಾನು ಹೇಳಿರಲಿಲ್ವಾ ಅಂದೆ. ಅತ್ತೆ, ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಚ್ಚುಗೆ ಎಂದುಕೊಂಡೆ.

ಮೂರನೇ ದಿನಕ್ಕೆ ಕೆನ್ನೆ ಮತ್ತೆ ಕೆಂಪಾಯಿತು. ಹಚ್ಚಿದ್ದು ಸಾಲದು ಎಂದು ತೀರ್ಮಾನಿಸಿದೆ. ಆ ವಾರ ಊಟಕ್ಕೆ ಕೂತಾಗ ಹೆಂಡತಿ, "ಆ ಬಾಮ್ ಸ್ವಲ್ಪ ಕಡಿಮೆ ಮಾಡಬಾರದಾ ನೀವು? ಬಹಳ ಘಾಟು" ಅಂದಳು. ನಾನು ನನ್ನ ಕತ್ತು ನೋವಿನ ಇತಿಹಾಸವನ್ನು ಇಂಜಿನಿಯರಿಂಗ್ ಕಾಲೇಜಿನ ಡ್ರಾಯಿಂಗ್ ಬೋರ್ಡಿನಿಂದ ಆರಂಭಿಸಿ ಹೇಳಿದೆ. ಅವಳು ಸಾರು ಬಡಿಸಿಕೊಂಡಳು.

ಅತ್ತೆ ಮಂಗಳವಾರ ಹೊರಡುವವರು. ಹಿಂದಿನ ಭಾನುವಾರ ಬೆಳಿಗ್ಗೆ ನಮ್ಮ ಊರಿನ ಅಂಗಡಿಯಲ್ಲಿ ಹನ್ನೊಂದನೇ ನಂಬರು ಮುಗಿದಿದೆ ಎಂದು ಗೊತ್ತಾಗಿ, ಕಾರು ತೆಗೆದುಕೊಂಡು ವೆಲ್ಲಿಂಗ್ಟನ್‌ವರೆಗೆ ಹೋದೆ. ಮೂರು ಅಂಗಡಿ ತಿರುಗಿದೆ. ಒಂದರಲ್ಲಿ ಸಿಕ್ಕಿತು, ಆದರೆ ಮುಚ್ಚಳದ ಬಣ್ಣ ಬೇರೆ. ಬೆನ್ನಿನ ಅಕ್ಷರಗಳನ್ನು ಮನೆಯಿಂದ ತಂದ ಖಾಲಿ ಟ್ಯೂಬಿನ ಜೊತೆ ಒಂದೊಂದೇ ತಾಳೆ ನೋಡುತ್ತಾ ನಿಂತೆ. ಬಹಳ ಹೊತ್ತು ನಿಂತೆ. ಆ ಹೊತ್ತನ್ನು ನಾನು ಈಗಲೂ ಲೆಕ್ಕ ಹಾಕುತ್ತೇನೆ.

ಮನೆಗೆ ಬಂದಾಗ ಹಜಾರದ ಕಾರ್ಪೆಟ್ಟಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬಚ್ಚಲಿನಿಂದ ಹೊರಟು ಮಲಗುವ ಕೋಣೆಯವರೆಗೆ, ಅಗಲವಾದ, ನಿಧಾನದ ಹೆಜ್ಜೆಗಳು. ಬಚ್ಚಲಿನ ಕನ್ನಡಿ ಮಂಜುಗಟ್ಟಿತ್ತು. ಟಬ್ಬಿನ ಅಂಚಿನ ಮೇಲೆ ಹಿತ್ತಾಳೆ ಚೊಂಬು, ಅದರ ಪಕ್ಕ ನನ್ನ ಥರ್ಮಾಮೀಟರು. ಹೊರಗೆ ತಂತಿಯ ಮೇಲೆ ಅತ್ತೆಯ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಒಳಗೆ ಮಗಳು ಎಲೆಹಸಿರು ಚೌಕದ ಮೇಲೆ ಮಲಗಿದ್ದಳು. ಹಾಗೆ ಅವಳು ಮಲಗಿದ್ದನ್ನು ನಾನು ನೋಡಿರಲಿಲ್ಲ. ಎರಡು ಕೈಯನ್ನೂ ಮೇಲಕ್ಕೆ ಚೆಲ್ಲಿ, ಬಾಯಿ ಅರ್ಧ ತೆರೆದು, ತನ್ನದೇನೂ ಉಳಿಸಿಕೊಳ್ಳದವರ ಹಾಗೆ.

"ಏನು ಹಾಕಿದ್ರಿ?" ಎಂದು ಹೆಂಡತಿಯನ್ನು ಕೇಳಿದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

ಉತ್ತರ ಕೊಟ್ಟವರು ಅತ್ತೆ. ನೇರವಾಗಿ ನನಗೇ. "ಏನೂ ಹಾಕಲಿಲ್ಲ. ಎಣ್ಣೆ ಇಲ್ಲ, ಹಿಟ್ಟಿಲ್ಲ. ನಿಮ್ಮ ಕಡ್ಡಿ ಅದ್ದಿ ನೋಡಿದೆ, ಮೂವತ್ತೇಳು ಬಂದ ಮೇಲೇ ಹೊಯ್ದಿದ್ದು. ಗಡಿಯಾರ ಇವಳು ನೋಡಿದಳು. ಆಮೇಲೆ ನಿಮ್ಮ ಕ್ರೀಮೇ ಹಚ್ಚಿದೀನಿ."

ಮಲಗಿದ್ದ ಮಗುವನ್ನು ಎತ್ತಿಕೊಂಡೆ. ಅತ್ತೆ ಭುಜದ ಮೇಲೆ ಬಟ್ಟೆ ಹಾಸಿದರು. ಅಭ್ಯಾಸಬಲ, ನನ್ನ ಕೈ ಅದನ್ನು ತೆಗೆಯಲು ಹೋಯಿತು.

"ತೆಗೀಬೇಡಿ" ಅಂದರು.

"ನುಸಿಗುಳಿಗೆ ವಾಸನೆ ಅತ್ತೆ, ಮಗೂಗೆ..."

"ಅದನ್ನ ಬಂದ ವಾರವೇ ಬಿಸಿನೀರಲ್ಲಿ ಎಂಟು ಸಲ ಒಗೆದೆ. ನಿಮ್ಮೂರಿನ ಗಾಳೀಲಿ ತಿಂಗಳುಗಟ್ಟಲೆ ಹಾರಾಡಿದೆ. ಅದರಲ್ಲಿ ಈಗ ನುಸಿಗುಳಿಗೆಯೂ ಇಲ್ಲ, ಬಣ್ಣವೂ ಇಲ್ಲ. ವಾಸನೆ ಇರೋದು..." ನಿಲ್ಲಿಸಿ ತಮ್ಮ ಮಗಳ ಕಡೆ ನೋಡಿದರು. ನನ್ನ ಹೆಂಡತಿ ಕಿಟಕಿಯಿಂದಾಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವ ಹಾಗೆ ನೋಡುತ್ತಿದ್ದಳು.

"ಎಲ್ಲಿ ಅತ್ತೆ?"

"ನಿಮ್ಮ ಭುಜದಲ್ಲಿ. ಆ ನೋವಿನ ಬಾಮು. ದಿನಾ ಸಂಜೆ ಬಂದು ಹಚ್ಕೊಂಡು ಅದೇ ಭುಜಕ್ಕೆ ಮಗೂನ ಹಾಕ್ಕೋತೀರ. ನೀವು ಹಾದು ಹೋದರೆ ನನಗೇ ಕಣ್ಣಲ್ಲಿ ನೀರು ಬರುತ್ತೆ. ಇನ್ನು ಅದರ ಕೆನ್ನೆ ಏನಾಗಬೇಕು? ಮೊದಲು ಅನುಮಾನ ಇತ್ತು ಅಷ್ಟೇ. ನೀವು ನೆಲ್ಸನ್ನಿಗೆ ಹೋದಾಗ ಖಾತ್ರಿಯಾಯ್ತು."

ಪಟ್ಟಿಯಲ್ಲಿ ಊದುಬತ್ತಿ ಇತ್ತು, ಪೌಡರಿತ್ತು, ಅರಿಶಿನವಿತ್ತು. ಬಾಮ್ ಇರಲಿಲ್ಲ. ಊರಿನಿಂದ ಯಾರೇ ಬಂದರೂ ಅರ್ಧ ಡಜನ್ ತರುವ, ಹಾಸಿಗೆಯ ಪಕ್ಕ, ಕಾರಿನಲ್ಲಿ, ಆಫೀಸಿನ ಡ್ರಾಯರಿನಲ್ಲಿ ಒಂದೊಂದು ಇರುವ ಆ ಪುಟ್ಟ ಸೀಸೆ ನನ್ನ ಮಟ್ಟಿಗೆ ಹಚ್ಚಿಕೊಳ್ಳುವ ವಸ್ತುವೇ ಆಗಿರಲಿಲ್ಲ. ಅದು ನನ್ನ ಮೈಯೇ ಆಗಿತ್ತು. ಹೊಳೆ ದಾಟಿದ ಹತ್ತು ಮಂದಿಯನ್ನು ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದ ಎಂದು ಗೋಳಾಡಿದ ಕತೆಯನ್ನು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ.

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಅಳಿಯಂದಿರಿಗೆ ನಿಮ್ಮ ಮೈ ಘಾಟು ಹೊಡಿಯುತ್ತೆ ಅಂತ ಯಾವ ಬಾಯಲ್ಲಿ ಹೇಳೋದು? ಅದಕ್ಕೇ ಬಟ್ಟೆ ಹಾಸ್ತಿದ್ದೆ. ನೀವು ತೆಗೀತಿದ್ರಿ."

"ಇವಳಾದರೂ..."

"ಹೇಳಿದ್ದೆ" ಅಂದಳು ಹೆಂಡತಿ, ಕಿಟಕಿಯಿಂದ ಕಣ್ಣು ತೆಗೆಯದೆ. "ಡ್ರಾಯಿಂಗ್ ಬೋರ್ಡಿನ ಕತೆ ಹೇಳಿದ್ರಿ."

ಅತ್ತೆ ನಕ್ಕರು. ಅವರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನನ್ನೆದುರು ನಕ್ಕದ್ದು ಅದೇ ಮೊದಲು. ಇನ್ನೆರಡು ದಿನಕ್ಕೆ ಹೊರಟುಹೋದರು.

ಬಾಮ್ ನಿಲ್ಲಿಸಿದೆ. ಬಲ ಕೆನ್ನೆ ಹತ್ತು ದಿನಕ್ಕೆ ಎಡ ಕೆನ್ನೆಯಂತಾಯಿತು. ವೈದ್ಯೆಗೆ ಹೇಳಿದಾಗ ಅವರು ಶಿಷ್ಟಾಚಾರಕ್ಕೆ ನಗು ತಡೆದುಕೊಂಡು, ಹೌದು, ಎಳೆಮಕ್ಕಳ ಹತ್ತಿರ ಆ ಕರ್ಪೂರದ ಮುಲಾಮುಗಳು ಬೇಡವೇ ಬೇಡ ಎಂದರು. ಮೊಣಕೈಯದು ಮಾತ್ರ ನನ್ನ ತಪ್ಪಲ್ಲವಂತೆ. ಅದು ಬರುತ್ತಾ ಹೋಗುತ್ತಾ ಇದ್ದು, ಅವಳಿಗೆ ಮೂರು ತುಂಬುವ ಹೊತ್ತಿಗೆ ತಾನೇ ಮರೆಯಾಯಿತು. ಒಂದಾದರೂ ನನ್ನದಲ್ಲದ ತಪ್ಪು ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಸಮಾಧಾನವಾಗದಿರುವುದು ಇನ್ನೊಂದು. ಆ ಭಾನುವಾರದ ಸ್ನಾನವನ್ನು ನಾನು ನೋಡಲಿಲ್ಲ. ಮೊದಲಿನವನ್ನು ಹೆದರಿ ನೋಡಲಿಲ್ಲ. ಇದನ್ನು ಒಂದು ಟ್ಯೂಬಿನ ಬೆನ್ನು ಓದುತ್ತಾ ಕಳೆದುಕೊಂಡೆ. ಎಣ್ಣೆಯಿಲ್ಲದೆ, ಹಿಟ್ಟಿಲ್ಲದೆ, ಬರೀ ನೀರು ಮತ್ತು ಆ ಎರಡು ಕೈ. ನನ್ನ ಮನೆಯಲ್ಲಿ ಆರು ತಿಂಗಳು ಇದ್ದ, ನಾನು ಬಾಗಿಲಲ್ಲೇ ನಿಲ್ಲಿಸಿದ್ದ ಕೈ. ಮೂರು ಅಂಗಡಿಯಲ್ಲಿ ನಾನು ಹುಡುಕಿದ್ದು ಅದನ್ನೇ ಎಂದು ಹೇಳಿದರೆ ಹೆಂಡತಿ, ಈಗ ಸಾಹಿತ್ಯ ಬೇಡ, ಹಾಲು ತನ್ನಿ ಅನ್ನುತ್ತಾಳೆ.

ಮಗಳಿಗೆ ನಾಲ್ಕು ವರ್ಷವಾದಾಗ ಮೈಸೂರಿಗೆ ಹೋಗಿದ್ದೆವು. ಅತ್ತೆಗೆ ಆ ಹೊತ್ತಿಗೆ ಮಂಡಿ ನೋವು ಹಿಡಿದಿತ್ತು, ನೆಲಕ್ಕೆ ಕೂರುವಂತಿರಲಿಲ್ಲ. ಮಗಳೂ ಕಾಲ ಮೇಲೆ ಮಲಗುವ ಅಳತೆ ದಾಟಿದ್ದಳು. ಅಜ್ಜಿ ಸ್ಟೂಲಿನ ಮೇಲೆ ಕೂತು ಅವಳ ಬೆನ್ನಿಗೆ ಎರಡು ಚೊಂಬು ನೀರು ಹಾಕಿದರು. "ಟೂ ಹಾಟ್, ಅಜ್ಜಿ" ಅಂದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಕೈಯೊಳಗೆ ಕೈಯಿಟ್ಟುಕೊಂಡು.

ಈಚೆಗೆ ಒಮ್ಮೆ ಫೋನಿನಲ್ಲಿ ಕೇಳಿದೆ. ಈಗ ನಾವು ನೇರವಾಗಿಯೇ ಮಾತಾಡುತ್ತೇವೆ. "ಅತ್ತೆ, ಆವತ್ತು ನೀರು ಹಾಕುವಾಗ ಅವಳು ಅತ್ತಳಾ, ನಕ್ಕಳಾ? ನೀವು ಏನಾದರೂ ಹಾಡಿಕೊಂಡ್ರಾ?"

"ಯಾವತ್ತು?" ಅಂದರು. "ಎಷ್ಟು ಮಕ್ಕಳಿಗೆ ಹಾಕಿದೀನಿ. ಎಲ್ಲಾ ಒಂದೇ ಥರ ಇರ್ತಾವೆ." ಆಮೇಲೆ, "ನೀವು ಕತ್ತಿಗೆ ಬಿಸಿನೀರಿನ ಶಾಖ ಕೊಡ್ತಾ ಇದೀರಾ?" ಎಂದು ಕೇಳಿದರು.

ಕತ್ತು ನೋವು ಹಾಗೇ ಇದೆ. ಐವತ್ತಾಯಿತು, ಇನ್ನೆಲ್ಲಿ ಹೋಗುತ್ತದೆ. ಊರಿನಿಂದ ಬಂದವರು ಈಗಲೂ ಬಾಮ್ ತರುತ್ತಾರೆ. ಹೆಂಡತಿ ಅದನ್ನು ಮುಚ್ಚಳ ತೆಗೆದು ಮುಂದೆ ಇಡುತ್ತಾಳೆ. "ಈಗ ಹಚ್ಕೋಬಹುದಲ್ಲ ರೀ. ಅವಳೇನು ನಿಮ್ಮ ಭುಜದ ಮೇಲೆ ಮಲಗ್ತಾಳಾ?"

ಮಲಗುವುದಿಲ್ಲ. ಏಳು ವರ್ಷದವಳು. ಸೋಫಾದ ಆ ತುದಿಯಲ್ಲಿ ಕಾಲು ಮಡಚಿ ಕೂತು ಪುಸ್ತಕ ಓದುತ್ತಾಳೆ, ಈ ತುದಿಯಲ್ಲಿ ನಾನು. ವರ್ಷದಲ್ಲಿ ಎಂದೋ ಒಮ್ಮೆ, ಜ್ವರ ಬಂದಾಗಲೋ ಗೆಳತಿಯೊಡನೆ ಜಗಳವಾದಾಗಲೋ, ಹೇಳದೆ ಕೇಳದೆ ಸರಿದು ಬಂದು ಒರಗಿಬಿಡುತ್ತಾಳೆ. ಯಾವತ್ತು ಎಂದು ಮೊದಲೇ ಗೊತ್ತಾಗುವುದಿಲ್ಲ.

"ಬೇಡ, ಇರಲಿ" ಎಂದು ಸೀಸೆಯ ಮುಚ್ಚಳ ಹಾಕುತ್ತೇನೆ.